ಹೆರ್ಮೆಲಿಂಡಾ ಎಳೆದ ಗೆರೆ

ಬೆಳಗಿನ ಜಾವ ನಾಲ್ಕೂವರೆ. ಬೆಟ್ಟದೂರು ಹುವಾಂಕಾಯೋದ ಸಗಟು ಮಾರುಕಟ್ಟೆಯ ಆಲೂಗಡ್ಡೆ ಸಾಲಿನಲ್ಲಿ ಲಾರಿಗಳ ಹಿಂಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ಹೆರ್ಮೆಲಿಂಡಾ ವಿಲ್ಕಾಪೋಮಾ ಅವರ ಮೂರು ಪಾತ್ರೆಗಳಲ್ಲಿ ನೀರು ಆಗಲೇ ಕುದಿಯುತ್ತಿದೆ. ಪ್ರತಿ ಸರಕಿನಿಂದ ಎರಡು ಗಡ್ಡೆ ಅವರೇ ಆರಿಸುತ್ತಾರೆ, ಅದೂ ಮೂಟೆಯ ತಳದಿಂದ. ಬೆಂದದ್ದನ್ನು ಬಿಸಿಬಿಸಿಯಾಗಿ ಸುಲಿದು, ಅಂಗೈಯಲ್ಲಿ ಮುರಿದು, ಒಂದು ತುಣುಕು ಬಾಯಿಗೆ ಹಾಕಿಕೊಳ್ಳುತ್ತಾರೆ. ಹಿಟ್ಟುಹಿಟ್ಟಾಗಿ ಉದುರಿದರೆ ಮೂಟೆಯ ಮೇಲೆ ಸೀಮೆಸುಣ್ಣದ ಗೆರೆ ಬೀಳುತ್ತದೆ. ನೀರುನೀರಾಗಿದ್ದರೆ ಇಲ್ಲ.

ಗೆರೆ ಬಿದ್ದ ಹುವಾಯ್ರೋ ತಳಿಯ ಗಡ್ಡೆ ಕಿಲೋಗೆ ಮೂರು ಸೋಲ್. ಬೀಳದ್ದನ್ನು ಒಂದೂವರೆಗೆ ಕೊಟ್ಟರೂ ಜನ ಮೂಗು ಮುರಿಯುತ್ತಾರೆ.

ಇವತ್ತಿನ ಮೊದಲ ತಕರಾರು ದಲ್ಲಾಳಿ ಅಬ್ದೋನ್‌ನದು. "ಬೆಟ್ಟದ ಮಾಲು ಅಕ್ಕಾ, ಮಣ್ಣು ನೋಡು, ಎಷ್ಟು ಕಪ್ಪಗಿದೆ!"

"ಮಣ್ಣು ಬೆಟ್ಟದ್ದೇ ಕಣಪ್ಪಾ, ಗಡ್ಡೆ ಕರಾವಳೀದು, ಬರೀ ನೀರು. ಆ ಮಣ್ಣು ನಿನ್ನ ಕೆನ್ನೆಗೆ ಬಳಿದ್ರೂ ಅಂಟ್ಕೊಳ್ಳುತ್ತೆ."

ಸುತ್ತಲಿದ್ದವರು ಗೊಳ್ಳೆಂದು ನಗುತ್ತಾರೆ. ಅಬ್ದೋನ್ ಗೊಣಗುತ್ತಾ ಮೂಟೆ ಪಕ್ಕಕ್ಕೆಳೆಯುತ್ತಾನೆ.

ಹೆರ್ಮೆಲಿಂಡಾ ಅವರಿಗೆ ಹುದ್ದೆಯಿಲ್ಲ, ಸಂಬಳವೂ ಇಲ್ಲ. ಸರಕಿಗೆ ಐದು ಹಸಿ ಗಡ್ಡೆ, ಅಷ್ಟೇ ಕೂಲಿ; ಅದರಲ್ಲೇ ಸೂಪು ಮಾಡಿ ಮಾರುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಸರಕು ನೋಡುತ್ತಾರೆ. ತಾಯಿ ಇದೇ ಮೂಲೆಯಲ್ಲಿ ಸೂಪು ಮಾರುತ್ತಿದ್ದರು. ಒಮ್ಮೆ ಹೆಚ್ಚು ಬೆಲೆ ಕೊಟ್ಟು ತಂದ ಗಡ್ಡೆ ನೀರಾಗಿ, ಗಿರಾಕಿಗಳು ಬಟ್ಟಲು ಬಿಟ್ಟು ಎದ್ದುಹೋದರಂತೆ. ಅಂದಿನಿಂದ ಮಗಳು ಬೇಯಿಸಿ ನೋಡದೆ ಕೊಳ್ಳಲಿಲ್ಲ. ಅಕ್ಕಪಕ್ಕದವರೂ ತಮ್ಮದನ್ನು ತಂದು ಕೇಳತೊಡಗಿದರು. ಇಪ್ಪತ್ತಾರು ವರ್ಷವಾಯಿತು. "ಒಂಬತ್ತು ಗಂಟೆವರೆಗೂ ಉಪ್ಪು ಖಾರ ಮುಟ್ಟಲ್ಲ. ಉಪ್ಪು ಬಿದ್ರೆ ನಾಲಿಗೆ ಸುಳ್ಳು ಹೇಳುತ್ತೆ," ಎನ್ನುತ್ತಾರೆ. ತೂಕದ ಮೋಸಕ್ಕೆ ಸರ್ಕಾರಿ ತಕ್ಕಡಿಯಿದೆ. ರುಚಿಯ ಮೋಸಕ್ಕೆ ಈ ಊರಿಗಿರುವುದು ಈ ನಾಲಿಗೆಯೊಂದೇ.

ಆ ನಾಲಿಗೆಗೆ ಕಷ್ಟ ಬಂದದ್ದು ಹೋದ ವರ್ಷ. ತಂಗಿ ದೆಲ್ಫಿನಾ ಹನ್ನೊಂದು ಮೂಟೆ ತಂದಿಳಿಸಿದ್ದಳು. ಹಿಮ ಬಿದ್ದು ಗಿಡ ಕಪ್ಪಾಗಿ, ಬಲಿಯುವ ಮೊದಲೇ ಕಿತ್ತ ಬೆಳೆ, ಬೇಯಿಸಿದರೆ ನೀರುನೀರು. ವರ್ಷದ ದುಡಿಮೆಯೆಲ್ಲ ಅದೇ.

"ಒಂದು ಗೆರೆ ಎಳೆದ್ಬಿಡೇ ಅಕ್ಕಾ. ಯಾರಿಗೆ ಗೊತ್ತಾಗುತ್ತೆ?"

"ತಿನ್ನೋರಿಗೆ ಗೊತ್ತಾಗುತ್ತಲ್ಲೇ."

ಹೆರ್ಮೆಲಿಂಡಾ ಸೀಮೆಸುಣ್ಣ ಕೆಳಗಿಟ್ಟರು. ಅರ್ಧ ಬೆಲೆಗೆ ಮಾರಿ ಹೊರಟ ದೆಲ್ಫಿನಾ, ಅಕ್ಕ ಕೊಟ್ಟ ಸೂಪಿನ ಬಟ್ಟಲನ್ನೂ ಮುಟ್ಟಲಿಲ್ಲ. ಹಬ್ಬಕ್ಕೂ ಬರಲಿಲ್ಲ. "ಆ ರಾತ್ರಿ ಅತ್ಬಿಟ್ಟೆ," ಎನ್ನುತ್ತಾರೆ ಹೆರ್ಮೆಲಿಂಡಾ. "ಆದ್ರೂ ಎಳೆದಿದ್ರೆ ಚೆನ್ನಾಗಿತ್ತು ಅಂತ ಒಂದಿನಾನೂ ಅನ್ನಿಸಿಲ್ಲ."

ಇವತ್ತು ಐದೂವರೆಗೆ ದೆಲ್ಫಿನಾಳ ಲಾರಿ ಬಂದು ನಿಲ್ಲುತ್ತದೆ. ವರ್ಷದ ನಂತರ ಮೊದಲ ಸಲ. ಅಕ್ಕನ ಮುಖ ನೋಡದೆ ಎರಡು ಗಡ್ಡೆ ಮುಂದಿಡುತ್ತಾಳೆ. ಹೆರ್ಮೆಲಿಂಡಾ ಅವನ್ನು ಹಿಂದಕ್ಕೆ ತಳ್ಳಿ, ಎಂದಿನಂತೆ ಮೂಟೆಯ ತಳಕ್ಕೆ ಕೈ ಹಾಕುತ್ತಾರೆ. ಬೆಂದದ್ದನ್ನು ಸುಲಿದು ಮುರಿಯುತ್ತಾರೆ. ಗಡ್ಡೆ ಅಂಗೈಯಲ್ಲಿ ಹಿಟ್ಟಾಗಿ ಉದುರುತ್ತದೆ. ಗೆರೆ ಬೀಳುತ್ತದೆ.

ಹೋಟೆಲಿನವರು ನೂಕುನುಗ್ಗಲಲ್ಲಿ ಮುತ್ತುತ್ತಾರೆ. ಒಬ್ಬಾಕೆ ಕೊಸರಾಡುತ್ತಾಳೆ: "ಎರಡೂ ಮುಕ್ಕಾಲಿಗೆ ಕೊಡಮ್ಮಾ."

"ಮೂರಕ್ಕೆ ಒಂದು ಕಾಸೂ ಕಮ್ಮಿಯಿಲ್ಲ," ದೆಲ್ಫಿನಾ ಇಡೀ ಸಾಲಿಗೆ ಕೇಳುವಂತೆ ಕೂಗುತ್ತಾಳೆ. "ನಮ್ಮಕ್ಕ ಎಳೆದ ಗೆರೆ ಕಣ್ರೀ ಇದು! ಒಡಹುಟ್ಟಿದೋಳಿಗೇ ಇಲ್ಲ ಅಂದಿದ್ಳು!"

ಹೆರ್ಮೆಲಿಂಡಾ ತಲೆಯೆತ್ತದೆ ಮುಂದಿನ ಗಡ್ಡೆ ಸುಲಿಯುತ್ತಾರೆ. "ಸಾಕು, ಬಾಯಿ ಮುಚ್ಕೊಂಡು ತೂಕ ಹಾಕೇ. ನಿಂಗೆ ಬಡಿಸಿಟ್ಟ ಸೂಪು ಆರೋಗುತ್ತೆ."