ಅಮ್ಮನ ಎಡೆಗೆ ಇಟ್ಟದ್ದು

ನಮ್ಮಲ್ಲಿ ಸತ್ತವರಿಗೆ ಹನ್ನೊಂದನೇ ದಿನ ಎಡೆ ಇಡುತ್ತಾರೆ. ಹೋದವರಿಗೆ ಇಷ್ಟವಿದ್ದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ದೀಪ ಹಚ್ಚಿ, ಎಲ್ಲರೂ ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಅವರು ಬಂದು ಉಂಡು ಹೋಗಲಿ ಎಂದು. ಅಮ್ಮನ ಎಡೆಯ ದಿನ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಕೂತು, ಅವಳಿಗೆ ಏನೇನು ಇಷ್ಟವಿತ್ತು ಎಂಬುದನ್ನು ನೆಂಟರ ಬಾಯಿಂದ ಕೇಳಿದೆ. ಸತ್ತದ್ದು ಬೇರೆ ಯಾರೋ ಇರಬೇಕು ಅನ್ನಿಸಿತು.

"ರವೆ ಉಂಡೆ ಅಂದ್ರೆ ಪ್ರಾಣ ಅವಳಿಗೆ," ಅಂದರು ದೊಡ್ಡಪ್ಪ.

ರವೆ ಉಂಡೆ ಪ್ರಾಣವಾಗಿದ್ದದ್ದು ದೊಡ್ಡಪ್ಪನಿಗೆ. ಅವರ ಡಬ್ಬಿ ಖಾಲಿಯಾಗದಂತೆ ಅಮ್ಮ ನೋಡಿಕೊಳ್ಳುತ್ತಿದ್ದಳು, ಅಷ್ಟೆ. ಅತ್ತೆ, ಅಂದರೆ ಅಪ್ಪನ ತಂಗಿ, ಕೊಬ್ಬರಿ ಮಿಠಾಯಿ ತಂದಿದ್ದರು. ಅದು ಅತ್ತೆಯ ಮಕ್ಕಳು ರಜೆಗೆ ಬಂದಾಗ ಅಮ್ಮ ಮಾಡುತ್ತಿದ್ದ ತಿಂಡಿ. ಮಟನ್ ಸಾರಿನ ವಿಷಯದಲ್ಲಂತೂ ಯಾರಿಗೂ ಅನುಮಾನವಿರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳದ ಸಾರಿಗೆ ಮುದ್ದೆ ಅದ್ದಿ ತಿನ್ನುತ್ತಿದ್ದವಳಿಗೆ ತುಂಡು ಇಷ್ಟವೋ ಅಲ್ಲವೋ ತಿಳಿಯುವ ಅವಕಾಶವೇ ಸಿಕ್ಕಿರಲಿಲ್ಲ. ಅವಳ ಕೈಯಿಂದ ಯಾರು ಏನು ತಿಂದಿದ್ದರೋ ಅದನ್ನೇ ತಂದು ಅವಳ ಎಲೆಗೆ ಹಾಕಿ, ಕಣ್ಣೊರೆಸಿಕೊಂಡರು.

ಅವಳಿಗೆ ಇಷ್ಟವಿದ್ದದ್ದು ಟ್ಯಾಂಕಿನ ಆಟ.

ತೊಂಬತ್ತರ ದಶಕದಲ್ಲಿ ದೊಡ್ಡಪ್ಪ ತಮ್ಮ ಮಗನಿಗೆಂದು ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದಿದ್ದರು. ಅವನಿಗೆ ಬೇಸರವಾದ ಮೇಲೆ ಅದು ಮಹಡಿಯಿಂದ ಕೆಳಗಿಳಿದು ನಮಗೆ ಬಂತು. ಮೇಲಿನ ಮನೆಗೆ ಬೇಡವಾದದ್ದು ಕೆಳಗಿನ ಮನೆಗೆ ಬರುವುದು ನಮ್ಮಲ್ಲಿ ರೂಢಿ. ದೊಡ್ಡಪ್ಪ ಅದನ್ನು ಔದಾರ್ಯ ಎಂದು ತಿಳಿದಿದ್ದರು.

ಅಪ್ಪ ಕಾಟನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿರುವ ಹೊತ್ತು, ನಾನು ಸ್ಕೂಲಿನಿಂದ ಬಂದ ಮೇಲೆ, ಅಮ್ಮ ಟಿವಿಯ ಮುಂದೆ ಚಾಪೆ ಹಾಕುತ್ತಿದ್ದಳು. ಬೇಕರಿಯಿಂದ ತಂದ ಒಂದು ಖಾರಾ ಬನ್ನನ್ನು ಎರಡು ಭಾಗ ಮಾಡಿಕೊಂಡು ಕೂರುತ್ತಿದ್ದೆವು. ಗೇಮಿನ ಕ್ಯಾಸೆಟ್ಟಿನ ಧೂಳು ಊದುವ ಕೆಲಸ ಅವಳದು. ಒಲೆ ಊದಿ ಬೆಳೆದವಳು, ಅವಳ ಉಸಿರಿಗೆ ಅದು ಒಂದೇ ಸಲಕ್ಕೆ ಮಾತು ಕೇಳುತ್ತಿತ್ತು. ಪರದೆಯ ಕೆಳಗೆ ಇಟ್ಟಿಗೆಯ ಒಂದು ಪುಟ್ಟ ಕೋಟೆ. ಮೇಲಿನಿಂದ ಶತ್ರುಗಳ ಟ್ಯಾಂಕುಗಳು ಇಳಿದು ಬರುತ್ತವೆ. ಒಬ್ಬರು ಕೋಟೆ ಕಾಯಬೇಕು, ಇನ್ನೊಬ್ಬರು ಮುನ್ನುಗ್ಗಬೇಕು.

"ನೀನು ಮನೆ ನೋಡ್ಕೋ, ನಾನು ಹೋಗ್ಬರ್ತೀನಿ," ಅನ್ನುತ್ತಿದ್ದಳು ಅಮ್ಮ.

"ನಾನೇ ಯಾಕಮ್ಮ ಯಾವಾಗ್ಲೂ?"

"ನಾನು ದಿನಾ ನೋಡ್ಕೊಳಲ್ವೇನೇ? ಸುಮ್ನೆ ಕಾಯಿ."

ಹೋಗುತ್ತಿದ್ದಳು ಕೂಡ. ಮಾರ್ಕೆಟ್ಟಿಗೆ ಹೋಗುವುದಕ್ಕೂ ದೊಡ್ಡಮ್ಮನ ಒಪ್ಪಿಗೆ ಕೇಳುತ್ತಿದ್ದ ಹೆಂಗಸು ಪರದೆಯ ತುದಿಯವರೆಗೂ ಹೋಗಿ, ಶತ್ರು ಹುಟ್ಟುವ ಜಾಗದಲ್ಲೇ ನಿಂತು ಅವನನ್ನು ಉಡಾಯಿಸುತ್ತಿದ್ದಳು. ನನ್ನ ಗುಂಡು ತಪ್ಪಿ ತಗುಲಿದರೆ ಅವಳ ಟ್ಯಾಂಕು ನಿಂತಲ್ಲೇ ಮಿಣುಕುತ್ತಿತ್ತು. "ಯಾರ ಕಡೆಯವಳೇ ನೀನು? ಅವರ ಪೈಕಿನಾ?" ಎಂದು ಮೊಣಕೈಯಿಂದ ತಿವಿಯುತ್ತಿದ್ದಳು. ಮಡಿಲಲ್ಲಿ ಬಿಡಿಸದ ಅವರೆಕಾಯಿಯೋ ಬೆಳ್ಳುಳ್ಳಿಯೋ ಸದಾ ಇರುತ್ತಿತ್ತು. ಮೆಟ್ಟಿಲ ಮೇಲೆ ಸದ್ದಾದರೆ ಆಟದ ರಿಮೋಟು ಸೆರಗಿನೊಳಗೆ ಹೋಗಿ ಕೈಗೆ ಅವರೆಕಾಯಿ ಬರುತ್ತಿತ್ತು. ದೊಡ್ಡಮ್ಮ ಇಣುಕಿ, "ಮಗೂನ ಆಡಿಸ್ತಾ ಕೂತಿದೀಯಾ?" ಅಂದರೆ, "ಹ್ಞೂಂ ಅಕ್ಕ, ಹಟ ಮಾಡ್ತಾಳೆ," ಅನ್ನುವಳು. ನಾನು ಹಟಮಾರಿ ಎಂಬ ಹೆಸರು ನನಗೆ ಬಂದದ್ದು ಹೀಗೆ.

ಆ ಗೇಮಿಗೆ ಎರಡು ರಿಮೋಟುಗಳಿದ್ದವು. ಆಟ ಶುರು ಮಾಡುವ ಬಟನ್ ಮೊದಲನೆಯದರಲ್ಲಿ ಮಾತ್ರ ಇತ್ತು. ಅಮ್ಮ ಯಾವಾಗಲೂ ಎರಡನೆಯದನ್ನೇ ಹಿಡಿಯುತ್ತಿದ್ದಳು. "ಶುರು ಮಾಡೇ," ಎಂದು ನನ್ನ ಮುಖ ನೋಡುತ್ತಿದ್ದಳು. ನಾನು ಕಾಲೇಜಿಗೆ ಹೋಗಲು ಶುರು ಮಾಡಿದಾಗ ಗೇಮಿನ ಪೆಟ್ಟಿಗೆ ಕೆಟ್ಟಿತು. ಅದನ್ನು ಅವಳು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು, ಎಸೆಯಲಿಲ್ಲ.

ಎಡೆಯ ದಿನ ನಾನು ಅಟ್ಟ ಹತ್ತಿ ಆ ಗಂಟು ಬಿಚ್ಚಿದೆ. ರಿಮೋಟು ಹಿಡಿದು ಕೋಣೆಗೆ ಬಂದಾಗ ಅತ್ತೆ ಎಡೆಗೆಂದು ತಂದ ಹೊಸ ಸೀರೆಯ ಮಡಿಕೆ ಸರಿಮಾಡಿ ಎಲೆಯ ಪಕ್ಕ ಇಡುತ್ತಿದ್ದರು.

"ಏನೇ ಅದು? ಎಡೇಲಿ ಪ್ಲಾಸ್ಟಿಕ್ ಇಡ್ತಾರೇನೇ?"

ಎಲೆಯ ಮೇಲೆ ಅದಾಗಲೇ ಪ್ಲಾಸ್ಟಿಕ್ ಕವರು ಸಮೇತ ಬಿಸ್ಕತ್ತಿನ ಪೊಟ್ಟಣವಿತ್ತು. ನಾನು ಅದನ್ನು ನೋಡಿದೆ. ಅತ್ತೆ ನೋಡಲಿಲ್ಲ.

ದೊಡ್ಡಪ್ಪ ಬಂದರು. "ಏನಮ್ಮ ಇದು? ಹುಡುಗರ ಆಟದ ಸಾಮಾನು. ಜನ ನಗ್ತಾರೆ."

"ತಾತನ ಎಡೆಗೆ ಇಸ್ಪೀಟ್ ಇಟ್ಟಿದ್ರಲ್ಲ ದೊಡ್ಡಪ್ಪ. ನೀವೇ ಇಟ್ಟಿದ್ದು. ಪಕ್ಕದಲ್ಲಿ ಕ್ವಾರ್ಟರ್ ಬಾಟ್ಲಿನೂ ಇತ್ತು."

"ಅವರಿಗೆ ಅಭ್ಯಾಸ ಇತ್ತು."

"ಅಮ್ಮಂಗೂ ಇತ್ತು."

"ಯಾರು ನೋಡಿದ್ರು?"

"ನಾನು."

ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಅಣ್ಣನ ಎದುರು ಮಾತಾಡಿ ಅಭ್ಯಾಸವಿಲ್ಲ ಅವರಿಗೆ. ಹೆಂಡತಿ ಸತ್ತಳೆಂದು ಅಭ್ಯಾಸ ಬದಲಾಗುವುದೇ? ಬಾಗಿಲ ಚಿಲಕವನ್ನು ಮುಟ್ಟಿ ನೋಡುತ್ತ ನಿಂತರು. ಕೊನೆಗೆ ನನ್ನ ಪಕ್ಷ ವಹಿಸಿದ್ದು ಅತ್ತೆ.

"ಇಟ್ಬಿಡ್ಲಿ ಬಿಡಣ್ಣ," ಅಂದರು ತಗ್ಗಿದ ದನಿಯಲ್ಲಿ. "ಆಮೇಲೆ ಆಸೆ ಇಟ್ಕೊಂಡು ತಿರುಗಿ ಬಂದ್ಬಿಟ್ರೆ?"

ದೊಡ್ಡಪ್ಪ ಒಮ್ಮೆ ಅಮ್ಮನ ಫೋಟೋದ ಕಡೆ ನೋಡಿದರು. ಬದುಕಿದ್ದಾಗ ಅವಳಿಗೆ ಏನು ಬೇಕು ಎಂದು ಯಾರೂ ಕೇಳಿರಲಿಲ್ಲ. ಸತ್ತ ಮೇಲೆ ಅವಳಿಗೆ ಹೆದರಿದರು. "ಮೂಲೇಲಿ ಇಡು. ಉಂಡೆಗೆ ತಗಲ್ಸಬೇಡ," ಅಂದರು.

ನಾನು ಮೂಲೆಯಲ್ಲಿ ಇಡಲಿಲ್ಲ. ಉಂಡೆಗಳನ್ನು ಪಕ್ಕಕ್ಕೆ ಸರಿಸಿ, ಊಟ ಮಾಡುವ ಬಲಗೈಗೆ ಎಟಕುವ ಕಡೆ ಇಟ್ಟೆ. ಗಂಟಿನಲ್ಲಿ ಎರಡೂ ರಿಮೋಟುಗಳಿದ್ದವು. ನಾನು ತಂದದ್ದು ಮೊದಲನೆಯದನ್ನು, ಶುರು ಮಾಡುವ ಬಟನ್ ಇದ್ದದ್ದನ್ನು. ಇನ್ನು ಅವಳು ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಎಲ್ಲರೂ ಹೊರಗೆ ಬಂದೆವು. ಅಪ್ಪ ಬಾಗಿಲು ಮುಚ್ಚಿದರು. ಜಗುಲಿಯಲ್ಲಿ ದೊಡ್ಡಪ್ಪ ಆಗಲೇ ಯಾರಿಗೋ ಸೈಟಿನ ರೇಟು ಹೇಳತೊಡಗಿದ್ದರು. ಅತ್ತೆಯ ಮೊಮ್ಮಗು ಉಂಡೆ ಬೇಕೆಂದು ಬಾಗಿಲ ಕಡೆ ಓಡಿ ಬಂತು. ಅದನ್ನು ತಡೆದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕಾಯುವ ಕೆಲಸ ಮೊದಲಿನಿಂದಲೂ ನನ್ನದೇ.