ತುಂಡು ಗೆರೆಯ ಹಾದಿ

ನನಗೆ ನಕ್ಷೆಯ ಹುಚ್ಚು. ನಾರಾಯಣಖೇಡದಲ್ಲಿ ಟೀಚರ್ ಆಗಿದ್ದಾಗ ತೆಲಂಗಾಣ ಚಳವಳಿ ಜೋರಾಗಿತ್ತು, ಬಂದ್ ಇಲ್ಲದ ವಾರವೇ ಅಪರೂಪ. ಶಾಲೆಗೆ ಬೀಗ ಬಿದ್ದ ದಿನ ನಾನು ಕಂಪ್ಯೂಟರ್ ಮುಂದೆ ಕೂತು ಸರ್ವೆಯವರ ಹಳೆಯ ನಕ್ಷೆಗಳನ್ನು ತೆರೆಯುತ್ತಿದ್ದೆ. ಮುಂದಿನ ರಜೆಗೆ ಧಾರೂರಿನ ಕಾಡೋ, ತಾಂಡೂರಿನ ಕಲ್ಲುಗಣಿಗಳ ಸುತ್ತಲೋ, ಎಲ್ಲಿ ನಡೆಯುವುದೆಂದು ಅಲ್ಲೇ ತೀರ್ಮಾನ. ಕಂದು ಗೆರೆಗಳು ಒತ್ತಾಗಿದ್ದರೆ ಏರು, ದೂರ ದೂರವಿದ್ದರೆ ಬಯಲು. ನೀಲಿ ಹಳ್ಳ, ತುಂಡು ತುಂಡು ಗೆರೆ ಕಾಲುದಾರಿ. ಇಷ್ಟು ಗೊತ್ತಿದ್ದರೆ ಯಾವ ಗುಡ್ಡವನ್ನು ಯಾವ ಮಗ್ಗುಲಿಂದ ಹತ್ತಬೇಕೆಂದು ಮನೆಯಲ್ಲಿ ಕೂತೇ ಹೇಳಬಹುದು. ಹೇಳುತ್ತಲೂ ಇದ್ದೆ, ಕೇಳಿದವರಿಗೂ ಕೇಳದವರಿಗೂ.

ಜೀವನವಿಡೀ ಕೂಲಿ ಮಾಡಿದ ಅವ್ವನಿಗೆ ಇದೆಲ್ಲ ತಮಾಷೆ. "ನಾವು ನಡದು ದಣದು ಕುಂದರತಿದ್ವಿ. ನೀ ಕುಂತು ದಣದು ನಡ್ಯಾಕ ಹೊಂಟಿ ನೋಡು" ಎಂದು ನಗುತ್ತಿದ್ದಳು.

ಒಂದು ದಿನ ಅವ್ವನ ತವರಿನಿಂದ ಫೋನು ಬಂತು. ನಾಗಲಗಿದ್ದದ ಆಚೆಗಿನ ಹಳ್ಳಿ ಅದು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಎರಡು ದಿನದಿಂದ ಬಾಯಿಗೆ ಏನೂ ಹಾಕಿಕೊಂಡಿಲ್ಲವಂತೆ, ತಂಗಿಯನ್ನು ಕೇಳುತ್ತಿದ್ದಾಳಂತೆ. ಅವತ್ತೂ ಬಂದ್, ಬಸ್ಸಿಲ್ಲ. ಒಳದಾರಿ ಹಿಡಿದು ನಾಗಲಗಿದ್ದದ ತನಕ ಬಿಡಲು ಒಬ್ಬ ಆಟೋದವನು ಒಪ್ಪಿದ. ಅಲ್ಲಿಂದ ಮುಂದೆ ರಸ್ತೆಗೆ ಅಡ್ಡ ಮರ ಕಡಿದು ಹಾಕಿದ್ದರು, ನಡೆಯಲೇಬೇಕು. ಅವ್ವನ ಮೊಣಕಾಲೋ, ನಾಲ್ಕು ಮೆಟ್ಟಿಲಿಗೇ ಅಳುವಂಥವು.

ಹೊರಡುವ ಮುಂಚೆ ನಕ್ಷೆ ತೆರೆದು ದಾರಿ ಗುರುತು ಮಾಡಿದೆ. ಬಯಲಿನ ಗುಂಟ ಹೋಗಿ, ಊರ ನಡುವಿನಿಂದ ಹಾದರೆ ಆಚೆ ಅಂಚಿಗೇ ನಮ್ಮವರ ಕೇರಿ. ಊರನ್ನು ಸುತ್ತು ಹಾಕುವ ಒಂದು ತುಂಡು ಗೆರೆಯೂ ಕಂಡಿತು. ಹಳ್ಳಕ್ಕಿಳಿದು, ಒತ್ತು ಗೆರೆಗಳ ದಿನ್ನೆ ಹತ್ತಿ, ಕೇರಿಗೆ ಬರುವಂಥದ್ದು. ನೆಟ್ಟಗಿನ ದಾರಿ ಬಿಟ್ಟು ಇದನ್ನು ಯಾವ ತಲೆಯಿಲ್ಲದವನು ಮಾಡಿದನೋ ಎಂದು ಜೋರಾಗಿಯೇ ಅಂದೆ. ಅವ್ವ ಪಕ್ಕದಲ್ಲೇ ಬುತ್ತಿ ಕಟ್ಟುತ್ತಿದ್ದಳು.

ಊರ ಅಂಚಿಗೆ ಬರುವ ತನಕ ಎಲ್ಲ ನನ್ನ ಲೆಕ್ಕದಂತೆಯೇ ಆಯಿತು. ಅಲ್ಲಿ ಅವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಹಳ್ಳದ ಕಡೆ ತಿರುಗಿದಳು. ಅದೇ ತುಂಡು ಗೆರೆಯ ದಾರಿ. ಆಗ ನನಗೆ ಅರ್ಥವಾಯಿತು. ಅವ್ವ ಹುಡುಗಿಯಾಗಿದ್ದಾಗ ನಮ್ಮ ಜನ ಊರೊಳಗಿನಿಂದ ಹಾಯುವಂತಿರಲಿಲ್ಲ. ಸುತ್ತಿ ಸುತ್ತಿ ನಮ್ಮವರ ಕಾಲೇ ಮಾಡಿದ ದಾರಿ ಅದು. ಭೂಗೋಳ ಕಲಿಸುವ ನಾನು ಅದಕ್ಕೆ ತಲೆಯಿಲ್ಲದವನ ದಾರಿ ಎಂದಿದ್ದೆ. ನಾಚಿಕೆಯಾಯಿತು, ನಾಚಿಕೆ ಸಿಟ್ಟಾಯಿತು, ಸಿಟ್ಟು ಅವ್ವನ ಮೇಲೇ ಬಿತ್ತು.

"ಈಗ ಯಾರ್ ಬ್ಯಾಡ ಅಂತಾರವ್ವಾ? ಇನ್ನೂ ಎದಕ ಅಂಜ್ತಿ? ಊರಾಗಿಂದ ನಡಿ. ಆ ದಿನ್ನಿ ನಿನ್ನ ಕೈಲೆ ಏರಾಕ ಆಗಂಗಿಲ್ಲ."

"ಅಂಜಿ ಹೊಂಟೀನಿ ಅಂದ್ಕೊಂಡಿ ಏನು?" ಅಂದವಳು ತಿರುಗಿಯೂ ನೋಡದೆ ಇಳಿದಳು.

ಹಳ್ಳದ ದಂಡೆಗೆ ಒಂದು ಚಪ್ಪಟೆ ಕಲ್ಲಿತ್ತು. ಅವ್ವ ಅದರ ಮುಂದೆ ನೆಲಕ್ಕೆ ಕೂತು ಕಲ್ಲಿನ ಮೇಲೆ ಅಂಗೈ ಇಟ್ಟಳು. "ಇಲ್ಲಿ ನಮ್ಮವ್ವ ಹುಲ್ಲಿನ ಹೊರಿ ಇಳಸ್ತಿದ್ಲು ಯವ್ವಾ. ನನಗ, ಅಕ್ಕಗ ರೊಟ್ಟಿ ಮುರದು ಕೊಡ್ತಿದ್ಲು. ಅಕ್ಕನ್ನ ನೋಡಾಕ ಹೊಂಟೀನಿ, ಅವ್ವಗ ಹೇಳದ ಹ್ಯಾಂಗ ಹೋಗಲಿ?"

ದಿನ್ನೆ ಏರುವಾಗ ಅವಳ ಸೊಂಟಕ್ಕೆ ಕೈ ಕೊಟ್ಟೆ. ನಾಲ್ಕು ಕಡೆ ಕೂತು, ಎದ್ದು, ಅಂತೂ ಏರಿದೆವು.

ದೊಡ್ಡವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವ್ವ ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ಹಳ್ಳದ ಹಾದಿಲೆ ಬಂದೀನಿ" ಎಂದಳು. ದೊಡ್ಡವ್ವ ಮೆಲ್ಲಗೆ ತಿರುಗಿ, "ಕಲ್ಲು ಅದ ಏನು?" ಎಂದು ಕೇಳಿದಳು. "ಅದ" ಎಂದಳು ಅವ್ವ. ಆಮೇಲೆ ಕಟ್ಟಿಕೊಂಡು ಬಂದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಮುರಿದು ಮುರಿದು ಬಾಯಿಗಿಟ್ಟಳು. ಅರ್ಧ ರೊಟ್ಟಿ ಇಳಿಯಿತು. ನಾನು ಹೊರಗೆ ಬಂದು ಅತ್ತೆ.

ಮರಳುವಾಗ ಅವ್ವ ತಾನೇ ಊರೊಳಗೆ ನಡೆದಳು. ನಟ್ಟನಡುವಿನ ಕಟ್ಟೆಯ ಮೇಲೆ ಕೂತು, ಬೇಕಾದಷ್ಟು ಹೊತ್ತು ಮೊಣಕಾಲು ನೀವಿಕೊಂಡಳು. ಯಾರೂ ಏನೂ ಅನ್ನಲಿಲ್ಲ. "ಹೋಗುವಾಗ ನಮ್ಮವ್ವನ ಹಾದಿ ಆತು, ಬರುವಾಗ ನಿಂದು" ಎಂದಳು.

ಮನೆಗೆ ಬಂದ ಮೇಲೆ ಮೊದಲ ಸಲ ಅವ್ವ ತಾನಾಗಿ ಕಂಪ್ಯೂಟರ್ ಮುಂದೆ ಬಂದು ಕೂತಳು. ನಾನು ಆ ತುಂಡು ಗೆರೆ ತೋರಿಸಿದೆ. ಜನ ನಡೆದು ನಡೆದು ಬಿದ್ದ ದಾರಿಯನ್ನು ಸರ್ವೆಯವರು ಕಂಡು ಬರೆದುಕೊಂಡಿದ್ದಾರೆ ಎಂದೆ.

"ಹಂಗಾದ್ರ ನಮ್ಮವ್ವ ನಡದದ್ದೂ ಇದರಾಗ ಬಂದದ?"

"ಬಂದದವ್ವ."

"ಇನ್ನಷ್ಟು ದೊಡ್ಡದು ಮಾಡು. ಕಲ್ಲು ಕಾಣ್ತದೇನು ನೋಡೂಣು."

ಮಾಡಿದೆ, ಗೆರೆಯ ತುಂಡುಗಳು ದೂರ ದೂರ ಸರಿಯುವ ತನಕ. ಕಲ್ಲು ಎಲ್ಲಿಯೂ ಇರಲಿಲ್ಲ. ಇಲ್ಲವೆಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅವ್ವ ಬೆರಳನ್ನು ಹಳ್ಳದ ನೀಲಿಯ ತನಕ ಜಾರಿಸಿಕೊಂಡು ಹೋಗಿ, ಎರಡು ತುಂಡುಗಳ ನಡುವಿನ ಖಾಲಿ ಜಾಗದ ಮೇಲೆ ನಿಲ್ಲಿಸಿದಳು.

"ಇಲ್ಲಿ ನಡದಿಲ್ಲ ನೋಡು," ಎಂದಳು. "ಇಲ್ಲಿ ಕುಂತಾಳ."