ಬಾಳೆಗೊನೆ ಕಟ್ಟಿಸಿಕೊಳ್ಳದ ಡಾಕ್ಟ್ರು

ಕಾಪುವಿನ ನಮ್ಮ ಡಾಕ್ಟ್ರ ಎಡಹುಬ್ಬು ಬಲದ್ದಕ್ಕಿಂತ ಅರ್ಧ ಬೆರಳು ಮೇಲೆಯೇ ನಿಂತಿರುತ್ತಿತ್ತು. ಯಾರಾದರೂ "ಮದ್ದು ತಾಗಿತು" ಎಂದರೆ ಇನ್ನಷ್ಟು ಏರುತ್ತಿತ್ತು. "ತಾಗಿದ್ದು ಮದ್ದೇ ಅಂತ ಹೇಗೆ ಗೊತ್ತು? ನೆಗಡಿ ತಾನಾಗಿ ಹೋಗುವುದಿಲ್ವಾ?" ಸ್ವತಃ ಕೊಟ್ಟ ಬಾಟಲಿಯ ಕೆಂಪು ಮದ್ದನ್ನೂ ಅವರು ಅನುಮಾನಿಸದೆ ಬಿಡುತ್ತಿರಲಿಲ್ಲ. ಹೀಗಾದರೆ ಕ್ಲಿನಿಕ್ ನಡೆದ ಹಾಗೆಯೇ ಎಂದು ಕಂಪೌಂಡರ್ ಗೊಣಗುತ್ತಿದ್ದ.

ಉಡುಪಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆಲ್ಲುತ್ತಿದ್ದ ನನಗೆ ಅವರೆಂದರೆ ಇಷ್ಟ. ವಾದಕ್ಕೆ ಸಿಗುತ್ತಿದ್ದರು.

ಅಣ್ಣನಿಗೆ ಕಾಮಾಲೆ ಬಂದಾಗ ಮಾತ್ರ ಅದು ಆಟವಾಗಿ ಉಳಿಯಲಿಲ್ಲ. ಕಣ್ಣು ಅರಸಿನ, ಹೊಟ್ಟೆಯಲ್ಲಿ ಗಂಜಿಯೂ ನಿಲ್ಲುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯವರೊಬ್ಬರು ಇದರಲ್ಲೇ ತೀರಿಕೊಂಡಿದ್ದರು. ಕಾರ್ಕಳದ ಪಂಡಿತರ ಹಸಿರು ಮದ್ದೇ ಆಗಬೇಕೆಂದು ಅಮ್ಮ ಹಟ ಹಿಡಿದರು. "ಗುಣವಾದವರು ಅಲ್ಲಿಗೆ ಬಾಳೆಗೊನೆ ತಂದು ಕಟ್ಟಿ ಹೋಗ್ತಾರೆ. ಜಗಲಿ ತುಂಬ ಉಂಟು, ನಾನೇ ನೋಡಿದ್ದೇನೆ."

ಅಣ್ಣನನ್ನು ನೋಡಲು ಮನೆಗೆ ಬಂದಿದ್ದ ಡಾಕ್ಟ್ರು ಮೆಲ್ಲಗೆ ಕೇಳಿದರು, "ಗುಣವಾಗದವರು ಎಂತ ತರ್ತಾರೆ ಅಮ್ಮ? ಅವರು ಬರುವುದೇ ಇಲ್ಲ ಅಲ್ವಾ? ಮದ್ದು ಕುಡಿದವರನ್ನೂ ಕುಡಿಯದವರನ್ನೂ ಜೊತೆಗಿಟ್ಟು ನೋಡಬೇಕು. ಅದು ಹೋಲಿಕೆ. ಅದಿಲ್ಲದಿದ್ದರೆ ಸಾಕ್ಷ್ಯ ಇಲ್ಲ."

"ಅಂದರೆ ಆ ಮದ್ದು ಸುಳ್ಳು" ಎಂದೆ ನಾನು, ಗೆದ್ದವನ ಹಾಗೆ.

"ನಿನ್ನದು ಅವಸರ ಮಾರಾಯ. ಸಾಕ್ಷ್ಯ ಇಲ್ಲ ಅಂದರೆ ಸುಳ್ಳು ಅಂತ ಅಲ್ಲ, ಗೊತ್ತಿಲ್ಲ ಅಂತ. ನಾನು ಇವನಿಗೆ ಕೊಡುವ ಗ್ಲೂಕೋಸಿಗೂ ಅದೇ ಮಾತು."

ಅಮ್ಮನ ಮುಖ ಇಳಿಯಿತು. "ಹಾಗಾದರೆ ನಾನು ಯಾರನ್ನು ನಂಬುವುದು ಡಾಕ್ಟ್ರೇ? ಇವನು ಉಳೀತಾನಾ?"

"ಹೆಚ್ಚಿನವರು ಉಳೀತಾರೆ. ಇವನ ವಿಷಯ ಹೇಳಲಿಕ್ಕೆ ದಿನಾ ನೋಡಬೇಕು. ಮಂಪರು ಬಂದರೆ ಆ ಗಳಿಗೆಯೇ ಮಣಿಪಾಲದ ಆಸ್ಪತ್ರೆಗೆ ಕರಕೊಂಡು ಹೋಗುವ."

ಹೇಳಿದ ಹಾಗೆ ಪ್ರತಿ ಸಂಜೆ ಸೈಕಲ್ಲಿನಲ್ಲಿ ಬಂದರು. ಅಮ್ಮ ಕಾರ್ಕಳದ ಮಾತು ಬಿಟ್ಟರು. ರೆಪ್ಪೆ ಎಳೆದು ನೋಡಿದ ಮೇಲೆ ಡಾಕ್ಟ್ರು ಅಣ್ಣನ ಬುದ್ಧಿ ನೆಟ್ಟಗಿದೆಯೇ ಎಂದು ತಿಳಿಯಲು ಏನಾದರೂ ಕೇಳುತ್ತಿದ್ದರು. "ಬಂಗುಡೆ ಮೇಲಾ, ಬೂತಾಯಿಯಾ?" ಮೊದಮೊದಲು ಅಣ್ಣ ಬರೀ ತಲೆ ಆಡಿಸುತ್ತಿದ್ದ. ಒಂದು ಸಂಜೆ ಸಿಡುಕಿದ, "ತಿನ್ನಲಿಕ್ಕೆ ಬಿಡದವರು ಮೀನಿನ ಸುದ್ದಿ ಯಾಕೆ ಎತ್ತುವುದು?"

ಡಾಕ್ಟ್ರು ಅಮ್ಮನ ಕಡೆ ತಿರುಗಿ ನಕ್ಕರು. "ಇನ್ನು ಹೆದರಬೇಡಿ. ಜಗಳಕ್ಕೆ ಬಂದ."

ಅಣ್ಣ ಗುಣವಾದ ಮೇಲೆ ಅಮ್ಮ ಕ್ಲಿನಿಕ್ಕಿಗೆ ಬಾಳೆಗೊನೆ ಹೊರಿಸಿಕೊಂಡು ಹೋದರೆ, "ಇಲ್ಲಿ ಕಟ್ಟಬೇಡಿ, ನೋಡಿದವರು ನನ್ನನ್ನು ನಂಬಿಬಿಡ್ತಾರೆ" ಎಂದು ಅದನ್ನು ಕಂಪೌಂಡರನ ಮನೆಗೆ ಕಳಿಸಿದರು.

ಡಾಕ್ಟ್ರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಅಣ್ಣ ಹೆಗಲು ಕೊಟ್ಟಿದ್ದ. ಅವನು ಬದುಕಿದ್ದು ಡಾಕ್ಟ್ರ ಕೈಗುಣ ಎಂದು ಅಮ್ಮ ಈಗಲೂ ಹೇಳುತ್ತಾರೆ. ಎಲ್ಲದಕ್ಕೂ ಎದುರು ವಾದ ಹೂಡುವ ನಾನು ಅದಕ್ಕೆ ಮಾತ್ರ ಏನೂ ಹೇಳುವುದಿಲ್ಲ.